ಒಂಬತ್ತು ಮಂದಿ ಅತ್ತೆಯರ ಲಕ್ವಾ

ಭೀಮರಾಯನಗುಡಿ ಕ್ಯಾಂಪ್
೯ ನವೆಂಬರ್ ೨೦೨೪, ಎರಡನೇ ಶನಿವಾರ, ಮಧ್ಯಾಹ್ನ

ತಂಗಿ ಅನುರಾಧಾ,

ಸುಮಂಗಲಕ್ಕನಿಂದ ನಿನಗೆ ಒಂದು ಮುದ್ದು, ಎರಡು ಬೈಗುಳ. ಬೈಗುಳ ಮೊದಲು ತೆಗೆದುಕೋ.

ನಿನ್ನ ಚೀಟಿ ನಿನ್ನೆ, ನೀನು ಈಗಿರುವ ಸುರಪುರ ಕಚೇರಿಯ ಟಪಾಲಿನ ಜೊತೆ ಬಂತು. ಏಳೆಂಟೇ ಸಾಲು. ಅಧೀಕ್ಷಕಿ ಹುದ್ದೆಗೆ ನಿನ್ನನ್ನು ಮತ್ತೆ ಕೇಳಿದ್ದಾರೆ, ಸೋಮವಾರ ಸಂಜೆಯೊಳಗೆ ಉತ್ತರ ಕೊಡಬೇಕು, ಬಡ್ತಿ ಬೇಡವೆಂದು ಒಂದು ಪತ್ರ ಬರೆದು ಕಳಿಸಬೇಕಂತೆ ನಾನು. "ನಿಮ್ಮ ಕೈಯಾಗಿಂದ ಬಂದ್ರ ಭಾಳ ಛಂದ ಇರ್ತದಕ್ಕ" ಎಂದು ಕೊನೆಗೆ ಬೆಣ್ಣೆ ಬೇರೆ ಹಚ್ಚಿದ್ದೀಯ. ಅದನ್ನು ಓದಿದ ಮೇಲೆ ಕೈಯಲ್ಲಿದ್ದ ರೊಟ್ಟಿ ಬಾಯಿಗೆ ಹೋಗಲಿಲ್ಲ. ನೇರವಾಗಿ ಹೇಳಿಬಿಡುತ್ತೇನೆ, ನಾನು ಬರೆದುಕೊಡುವುದಿಲ್ಲ. ಅಂಥ ಇನ್ನೊಂದು ಪತ್ರ ಈ ಜನ್ಮದಲ್ಲಿ ನನ್ನ ಕೈಯಿಂದ ಹೊರಡುವುದಿಲ್ಲ.

ಫೋನು ಮಾಡಬಹುದಿತ್ತು. ಆದರೆ ಫೋನಿನಲ್ಲಿ ನೀನು ಎಲ್ಲದಕ್ಕೂ "ಹೂಂ ಅಕ್ಕ, ಹೌದಕ್ಕ" ಎಂದು ಹೂಂಗುಟ್ಟಿ, ಇಟ್ಟ ಮೇಲೆ ನಿನಗೆ ತಿಳಿದದ್ದನ್ನೇ ಮಾಡುವವಳು. ನನಗೂ ಬಾಯಿಗಿಂತ ಕೈ ಚುರುಕು. ಮೂವತ್ತೊಂದು ವರ್ಷ ನೀರಾವರಿ ಕಚೇರಿಯಲ್ಲಿ ಸರಕಾರದ ಕಾಗದ ಬರೆದ ಕೈ ಇದು, ಸೊಸೆಗೆ ಸಾಮಾನಿನ ಪಟ್ಟಿ ಕೊಟ್ಟರೂ ಕೆಳಗೆ ಸಹಿ ಹಾಕಿಬಿಡುತ್ತದೆ. ನಮ್ಮ ಟಪಾಲಿನ ಖಾಜಾಬೀ ನಾಳೆ ಸುರಪುರಕ್ಕೆ ಮಗಳ ಮನೆಗೆ ಹೊರಟಿದ್ದಾಳೆ, ಅವಳ ಕೈಯಲ್ಲೇ ಇದನ್ನು ಕಳಿಸುತ್ತೇನೆ. ಅವಳೆದುರಿಗೆ ಓದಬೇಡ. ಮುಖ ನೋಡಿಯೇ ಎಲ್ಲ ತಿಳಿದುಕೊಂಡು ಸೋಮವಾರ ಹತ್ತೂವರೆಗೆ ಇಡೀ ಆಫೀಸಿಗೆ ಹೇಳುತ್ತಾಳೆ.

ನಾಲ್ಕು ವರ್ಷದ ಹಿಂದೆ ಬೇಡವೆಂದವಳನ್ನು ಈಗ ಮತ್ತೆ ಯಾಕೆ ಕೇಳಿದರು ಎಂದು ನಿನಗೆ ಗೊತ್ತಿಲ್ಲ. ಅದು ದೊಡ್ಡ ಕಥೆ. ಚಹಾ ಇಟ್ಟುಕೊಂಡು ಕೂತುಕೋ.

ಹೋದ ತಿಂಗಳು ಮೇಲಿನ ಕಚೇರಿಯಿಂದ ನಮಗೊಂದು ಪತ್ರ ಬಂತು. ನಿಮ್ಮಲ್ಲಿ ಹನ್ನೊಂದು ವರ್ಷದಿಂದ ಬಡ್ತಿ ಬೇಡ ಎಂದವರೆಲ್ಲ ಹೆಂಗಸರೇ ಏಕೆ, ವಿವರಣೆ ಕೊಡಿ ಎಂದು. ಸಿಬ್ಬಂದಿ ಶಾಖೆ ನನ್ನದಲ್ಲವೇ, ಕಡತ ನನ್ನ ಮೇಜಿಗೇ ಬಂತು. ಹಳೆಯ ಪತ್ರಗಳನ್ನೆಲ್ಲ ತೆಗೆಸಿ ಸಾಲಾಗಿ ಹರಡಿದೆ. ನನ್ನದನ್ನು ಬಿಟ್ಟು ಒಂಬತ್ತು. ಒಂದು ಓದಿದೆ, ಎರಡು ಓದಿದೆ, ಮೂರನೆಯದಕ್ಕೆ ಮೊದಲೆರಡನ್ನು ಮತ್ತೆ ಎತ್ತಿಕೊಂಡು ನೋಡಿದೆ. ಎಲ್ಲದರಲ್ಲೂ ಅದೇ ಸಾಲು: "ನನ್ನ ಅತ್ತೆಯವರು ಪಾರ್ಶ್ವವಾಯುವಿನಿಂದ ಹಾಸಿಗೆ ಹಿಡಿದಿದ್ದು, ಅವರ ಆರೈಕೆಗೆ ನನ್ನ ಹೊರತು ಬೇರೆ ಯಾರೂ ಇಲ್ಲದ ಕಾರಣ, ಹಾಗೂ ಸದರಿ ಹುದ್ದೆಯ ಹೊಣೆ ಹೊರುವ ಶಕ್ತಿ ನನ್ನಲ್ಲಿ ಇಲ್ಲವೆಂದು ಮನಗಂಡು..."

ಅದು ನನ್ನ ಸಾಲು. ಹನ್ನೊಂದು ವರ್ಷದ ಹಿಂದೆ ನನಗೆ ಅಧೀಕ್ಷಕಿಯಾಗಿ ಬಡ್ತಿ ಬಂದಾಗ ಬೇಡವೆನ್ನಲು ನಾನೇ ಕೂತು ಹೊಸೆದದ್ದು.

ಈಗ ನಗಬೇಡ. ನಮ್ಮ ಆಫೀಸಿನ ಮೌನಿಕಾಗೆ ಮದುವೆಯೇ ಆಗಿಲ್ಲ, ಅವಳ ಅತ್ತೆಗೂ ಲಕ್ವಾ ಹೊಡೆದಿದೆ. ಖಾಜಾಬೀ ಮದುವೆಯಾಗಿ ಬರುವ ಮೊದಲೇ ಅವಳ ಅತ್ತೆ ತೀರಿಕೊಂಡಿದ್ದಳು, ಆಕೆಯೂ ಪಾಪ ಹಾಸಿಗೆ ಹಿಡಿದಿದ್ದಾಳೆ. ನಿನ್ನ ಅತ್ತೆ ಸುಂದ್ರಮ್ಮ ದಿನಾ ಎರಡು ಎಮ್ಮೆ ಹೊಡೆದುಕೊಂಡು ಬೋನಾಳ ಕೆರೆ ದಂಡೆಗುಂಟ ಹೋಗುವ ಹೆಂಗಸು, ಅವರನ್ನೂ ಮಲಗಿಸಿದ್ದೇವೆ. ನಿನ್ನದು ಏಳನೆಯ ಕಾಗದ. ಇಷ್ಟು ವರ್ಷ ಇವನ್ನು ತೆಗೆದುಕೊಂಡು ಮೊಹರು ಒತ್ತಿದವರಲ್ಲಿ ಒಬ್ಬರಾದರೂ ಓದಿದ್ದರೆ ಕೇಳುತ್ತಿದ್ದರು, ಒಂದೇ ಆಫೀಸಿನ ಅತ್ತೆಯರಿಗೆಲ್ಲ ಇದೇನು ರೋಗ ಎಂದು. ಮೊದಲು ನಾನೂ ನಕ್ಕೆ. ಆಮೇಲೆ ಕೂತಲ್ಲೇ ಕಣ್ಣಲ್ಲಿ ನೀರು ಬಂತು, ಸೆರಗಿನಿಂದ ಒರೆಸಿಕೊಂಡು ಕಡತ ಮುಚ್ಚಿದೆ.

ಲಕ್ಷ್ಮಿಕಾಂತ ಬಂದು ಏನಾಯಿತೆಂದು ಕೇಳಿದ. ಗೊತ್ತಲ್ಲ, ನನ್ನ ಹತ್ತಿರ ಟಿಪ್ಪಣಿ ಬರೆಯುವುದನ್ನು ಕಲಿತು ಈಗ ನನ್ನ ಮೇಲೆ ಅಧೀಕ್ಷಕನಾಗಿ ಕೂತವನು. ಒಳ್ಳೆಯ ಹುಡುಗ, ಕಷ್ಟದ ಕಡತ ಬಂದರೆ ಈಗಲೂ ನನ್ನ ಮೇಜಿಗೇ ಹೊತ್ತು ತರುತ್ತಾನೆ. "ಯಾರೋ ನನ್ನ ಪತ್ರ ಝೆರಾಕ್ಸ್ ಮಾಡಿಸ್ಕೊಂಡು ಹಂಚ್ಯಾರಪ್ಪ" ಎಂದೆ. ಅರ್ಧ ನಿಜ. ಉಳಿದ ಅರ್ಧವನ್ನು ನಿನಗೆ ಹೇಳುತ್ತೇನೆ. ಒಂಬತ್ತರಲ್ಲಿ ಐದು ನನ್ನದೇ ಕೈಬರಹ. ಕೇಳಿಕೊಂಡು ಬಂದವರಿಗೆ ಬರೆದುಕೊಟ್ಟೆ. ಉಪಕಾರ ಮಾಡುತ್ತಿದ್ದೇನೆ ಎಂದುಕೊಂಡೇ ಬರೆದುಕೊಟ್ಟೆ. ಹೊಸಬರು ಬಂದರೆ ಹಳಬರು ಹೇಳುತ್ತಿದ್ದರಂತೆ, ಬಡ್ತಿ ಬಂದ್ರ ಹೆದರಬ್ಯಾಡ, ಸುಮಂಗಲಕ್ಕನ ಹತ್ರ ನಮೂನಿ ಅದ ಅಂತ. ಬಡ್ತಿ ಬಂದರೆ ಹೆದರಬೇಕು ಅನ್ನುವುದನ್ನು ಯಾರೂ ಪ್ರಶ್ನಿಸಲೇ ಇಲ್ಲ ನೋಡು. ನಿನ್ನ ಹಾಳೆ ಯಾರ ಕೈಬರಹ ಎಂದು ನಿನಗೂ ಗೊತ್ತು, ನನಗೂ ಗೊತ್ತು. ಮುಂದೆ ಹೋಗೋಣ.

ಇನ್ನು ನಮ್ಮತ್ತೆಯ ಮಾತು. ಹನ್ನೊಂದು ವರ್ಷದ ಹಿಂದೆ ನಾನು ಆ ಪತ್ರ ಬರೆದಾಗ ನಮ್ಮತ್ತೆ ಹಣಮಂತಮ್ಮನವರಿಗೆ ಯಾವ ರೋಗವೂ ಇರಲಿಲ್ಲ. ಕೆಂಭಾವಿ ಕಡೆ ಹೊಲಗಳಲ್ಲಿ ಇಪ್ಪತ್ತು ಹೆಂಗಸರ ಗುಂಪು ಕಟ್ಟಿಕೊಂಡು ಹತ್ತಿ ಬಿಡಿಸಲು ಹೋಗುತ್ತಿದ್ದರು. ಯಾರು ಯಾವ ಸಾಲು ಹಿಡಿಯಬೇಕು, ಯಾರು ಊಟಕ್ಕೆ ಯಾವಾಗ ಏಳಬೇಕು, ಎಲ್ಲ ಅವರ ಬಾಯಿಯ ಮೇಲೆ. ಇಡೀ ಗುಂಪನ್ನು ನಡೆಸಿದ ಹೆಂಗಸನ್ನು ನಾನು ಕಾಗದದ ಮೇಲೆ ಮಲಗಿಸಿದ್ದೆ. ನಾನು ಲಕ್ಷ್ಮಿಕಾಂತನ ಹತ್ತಿರ ಆಡಿದ ಮಾತನ್ನು ಕೇಳಿಸಿಕೊಂಡ ಖಾಜಾಬೀ ಸುಮ್ಮನಿರುತ್ತಾಳೆಯೇ? ಅದೇ ಸಂಜೆ ನಮ್ಮ ಕ್ವಾರ್ಟರ್ಸಿಗೆ ಬಂದು, ಮುದುಕಿಯ ಪಕ್ಕ ಕೂತು ನಗುತ್ತ ನಗುತ್ತ ಎಲ್ಲ ಹೇಳಿಬಿಟ್ಟಳು.

ಅಯ್ಯೋ ಅನುರಾಧಾ, ಆ ರಂಪ ನೋಡಬೇಕಿತ್ತು. "ನನಗ ಲಕ್ವಾ ಹೊಡದದಂತ ಸರಕಾರಕ್ಕ ಬರದು ಕೊಟ್ಟೀಯಂತಲ್ಲ? ಹಂಗಾರ ನಾ ಏಳಂಗಿಲ್ಲ" ಎಂದು ಹೊರಸಿನ ಮೇಲೆ ಮಲಗಿದವರು ಎರಡು ದಿನ ಮೇಲೇಳಲಿಲ್ಲ. ಬಾಯಿ ಮಾತ್ರ ನಿಲ್ಲಲಿಲ್ಲ. "ನೀರು ತಾ, ಕೈ ಎತ್ತಾಕ ಬರವಲ್ದು. ರೊಟ್ಟಿ ಮುರದು ಹಾಲಾಗ ಹಾಕಿ ಕೊಡು. ಆರೈಕಿ ಮಾಡಾಕ ನೀ ಬಿಟ್ರ ಬ್ಯಾರೆ ಯಾರೂ ಇಲ್ಲಲ್ಲ, ಮಾಡು." ಎಪ್ಪತ್ತೆಂಟು ವರ್ಷದ ಮುದುಕಿ, ನನ್ನ ಗಂಡನೂ ಮಗನೂ ಅವರ ಪಕ್ಷ. ಮನೆಯವರೆಲ್ಲ ಬಾಯಿಗೆ ಟವೆಲ್ಲು ಒತ್ತಿಕೊಂಡು ನಗುತ್ತಿದ್ದರೆ ನಾನು ಕಾಲೊತ್ತುತ್ತ ಕೂತಿದ್ದೆ.

ಎರಡನೆಯ ದಿನ ಸಂಜೆ, ಕಾಲೊತ್ತುವಾಗಲೇ, ಅವರು ನಗುವುದನ್ನು ಬಿಟ್ಟು ನನ್ನನ್ನೇ ನೋಡಿದರು. "ಸುಮಂಗಲಾ, ನನ್ನ ಒಂದ್ಸಲ ಕೇಳಿದ್ರ ನಾ ಬ್ಯಾಡ ಅಂತಿದ್ನೇನವ್ವ?" ಎಂದರು. ನಾನು ತಲೆ ತಗ್ಗಿಸಿ ಇನ್ನೊಂದು ಕಾಲು ಒತ್ತತೊಡಗಿದೆ. ಅವರು ಅನ್ನುತ್ತಿರಲಿಲ್ಲ. ಮೊಮ್ಮಗನನ್ನು ನೋಡಿಕೊಳ್ಳುತ್ತಿದ್ದರು, ನನಗೆ ಬುತ್ತಿ ಕಟ್ಟುತ್ತಿದ್ದರು, ಊರೆಲ್ಲ ಸೊಸೆ ದೊಡ್ಡ ಸಾಹೇಬಳಾಗ್ಯಾಳ ಎಂದು ಸಾರಿಕೊಂಡು ಬರುತ್ತಿದ್ದರು. ಅವರು ಬೇಡ ಅನ್ನುತ್ತಾರೆಂದು ನಾನು ಹೆದರಿರಲಿಲ್ಲ ತಂಗಿ, ಹೂಂ ಅನ್ನುತ್ತಾರೆಂದು ಹೆದರಿದ್ದೆ.

ನನ್ನ ನಿಜವಾದ ಕಾರಣ ಬೇರೆ. ಯಾರಿಗೂ ಹೇಳಿರಲಿಲ್ಲ. ಕೆಲಸಕ್ಕೆ ಸೇರಿ ಹತ್ತು ಹನ್ನೆರಡು ವರ್ಷ ಆಗಿದ್ದಾಗ ಯಾದಗಿರಿಯಲ್ಲಿ ಒಂದು ಸಭೆ ಇತ್ತು. ಅಧೀಕ್ಷಕರು ರಜೆ, ವರದಿ ಓದಲು ನನ್ನನ್ನು ಕಳಿಸಿದರು. ವರದಿ ನಾನೇ ಬರೆದದ್ದು, ಬಾಯಿಪಾಠ ಬರುತ್ತಿತ್ತು. ಎದ್ದು ನಿಂತೆ. ನಲವತ್ತು ಮಂದಿ ಗಂಡಸರು ಕತ್ತು ಹೊರಳಿಸಿ ನೋಡಿದರು. ಒಂದು ಅಕ್ಷರ ಹೊರಬರಲಿಲ್ಲ. ಮೇಲೆ ಕೂತವರು "ಇರ್ಲಿ ಬಿಡಮ್ಮ, ಕುಂದ್ರು" ಎಂದರು. ಬೈದಿದ್ದರೆ ಸಿಟ್ಟಾದರೂ ಬರುತ್ತಿತ್ತು. ಅವರು ಪ್ರೀತಿಯಿಂದಲೇ ಅಂದರು, ನಾನು ಕೂತೆ. ಕೂತವಳು ಆಮೇಲೆ ಏಳಲೇ ಇಲ್ಲ. ಅಲ್ಲಿಂದ ಇಲ್ಲಿಯವರೆಗೆ ಸಭೆಯಲ್ಲಿ ಎಷ್ಟೋ ಮಂದಿ ಗಂಡಸರು ನನ್ನ ಮಾತನ್ನು ಓದಿ ಶಹಬ್ಬಾಸ್ ಅನ್ನಿಸಿಕೊಂಡರು. ನಾನು ಹಿಂದಿನ ಕುರ್ಚಿಯಲ್ಲಿ ಕೂತು, ನನ್ನದೇ ಮಾತು ಎಷ್ಟು ಛಂದ ಕೇಳಿಸುತ್ತದೆ ಎಂದುಕೊಳ್ಳುತ್ತಿದ್ದೆ. ಎರಡು ಸಲ ಬೇಡವೆಂದು ಬರೆದುಕೊಟ್ಟ ಮೇಲೆ ನನ್ನ ಹೆಸರು ಪಟ್ಟಿಯಿಂದಲೇ ಹೋಯಿತು. ಇನ್ನು ಹದಿನಾಲ್ಕು ತಿಂಗಳಿಗೆ ನಿವೃತ್ತಿ. ನನ್ನನ್ನು ಮತ್ತೆ ಯಾರೂ ಕೇಳುವುದಿಲ್ಲ.

ವಿವರಣೆ ಕೊಡುವ ಸಭೆ ಹೋದ ತಿಂಗಳು ಇಪ್ಪತ್ಮೂರಕ್ಕೆ ಇತ್ತು. ನಮಗೆ ಹೊಸದಾಗಿ ಬಂದ ಸಾಹೇಬರು ಮೈಸೂರು ಕಡೆಯವರು, ನಾವು "ಬರ್ರಿ" ಎಂದರೂ ಬೈದ ಹಾಗೆ ಬೆಚ್ಚಿಬೀಳುವವರು. ಎಂದಿನಂತೆ ಉತ್ತರ ನಾನು ಬರೆದಿದ್ದೆ, ಲಕ್ಷ್ಮಿಕಾಂತ ಓದಲು ನಿಂತ. "ಕೌಟುಂಬಿಕ ಕಾರಣಗಳಿಂದ" ಎಂದು ನಾನು ಮೆತ್ತಗೆ ಸುತ್ತಿ ಬರೆದದ್ದನ್ನು ಸಾಹೇಬರು ಅಲ್ಲೇ ತಡೆದು, ಒಂಬತ್ತು ಪತ್ರಗಳನ್ನು ಎತ್ತಿ ತೋರಿಸಿದರು. "ಇದು ಒಬ್ಬರೇ ಬರೆದಿರೋ ಹಾಗಿದೆ. ಯಾರು ಬರೆದಿದ್ದು?" ಲಕ್ಷ್ಮಿಕಾಂತ ನನ್ನ ಕಡೆ ನೋಡಲಿಲ್ಲ. ಪಾಪ, ನನ್ನನ್ನು ಉಳಿಸಬೇಕೆಂದು ಹಾಳೆಯಲ್ಲೇ ಕಣ್ಣು ನೆಟ್ಟು ನಿಂತ.

ನಾನು ಎದ್ದೆ. ಯಾಕೆ ಎದ್ದೆನೋ ನನಗೇ ಗೊತ್ತಿಲ್ಲ. ಬರೆದುಕೊಂಡ ಮಾತು ಕೈಯಲ್ಲಿ ಇರಲಿಲ್ಲವಲ್ಲ, ಬಾಯಿಗೆ ಬಂದದ್ದು ಮನೆಯ ಮಾತು. "ನಾ ಬರದೇನ್ರಿ ಸರ. ಒಂಬತ್ತು ಮಂದಿ ಅತ್ತಿಗೋಳ್ನ ನಾನ ಹಾಸಿಗಿ ಹಿಡಿಸೇನ್ರಿ. ಒಬ್ಬಾಕಿಗೂ ರೋಗ ಇಲ್ರಿ. ಇವರಿಗೆ ಕೆಲಸ ಮಾಡಾಕ ಬರಂಗಿಲ್ಲ ಅಂತ ಅಲ್ಲರಿ, ನಾ ಕಲಿಸಿದ ಅಂಜಿಕಿರಿ ಇದು. ಇನ್ನೊಂದ್ಸಲ ಅವರನ್ನ ಕೇಳ್ರಿ."

ಮೊದಲು ಸಾಹೇಬರೇ ನಕ್ಕರು, ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುವಷ್ಟು ನಕ್ಕರು. ಇಡೀ ಸಭೆ ನಕ್ಕಿತು. ನಾನು ಕೂರಲಿಲ್ಲ. ಅವರೆಲ್ಲ ನಕ್ಕು ಮುಗಿಸುವವರೆಗೂ ನಿಂತೇ ಇದ್ದೆ. "ಸರಿ ಮೇಡಂ, ಮತ್ತೆ ಕೇಳೋಣ. ಈ ಸಲ ನೀವು ನಮೂನೆ ಮಾತ್ರ ಕೊಡಬೇಡಿ" ಎಂದರು. ನೋಟೀಸನ್ನು ನಾನೇ ಟೈಪು ಮಾಡಿ ಒಂಬತ್ತು ಮಂದಿಗೂ ಕಳಿಸಿದೆ. ಈ ಸಲ ಬೇಡವೆಂದರೆ ಮುಂದೆ ಕೇಳುವುದಿಲ್ಲ ಎಂಬ ಕೊನೆಯ ಸಾಲು ಸಾಹೇಬರದು, ಅದನ್ನು ಟೈಪು ಮಾಡುವಾಗ ಬೆರಳು ನೊಂದವು. ನಿನಗೆ ಬಂದ ನೋಟೀಸು ಅದೇ.

ಖಾಜಾಬೀ ಮೊದಲ ದಿನವೇ ಒಪ್ಪಿಗೆ ಕೊಟ್ಟಳು. ಗುಮಾಸ್ತೆಯಾಗಿ ಕೂತು, ತಾನು ಇಷ್ಟು ವರ್ಷ ಹೊತ್ತ ಟಪಾಲನ್ನು ಇನ್ನೊಬ್ಬರಿಂದ ಹೊರಿಸುತ್ತಾಳಂತೆ. ಮೌನಿಕಾ ಅತ್ತು, ಅಮ್ಮನನ್ನು ಕೇಳಿ, ಮತ್ತೆ ಅತ್ತು ಕೊಟ್ಟಳು. ಇಬ್ಬರು ಈಗಲೂ ಬೇಡವೆಂದಿದ್ದಾರೆ. ಒಬ್ಬಳ ಗಂಡನಿಗೆ ನಿಜವಾಗಿಯೂ ಡಯಾಲಿಸಿಸ್ ನಡೆದಿದೆ, ಅವಳಿಗೆ ನಾನು ಒಂದು ಮಾತೂ ಆಡಲಿಲ್ಲ. ಉಳಿದವರು ಸೋಮವಾರದ ದಾರಿ ಕಾಯುತ್ತಿದ್ದಾರೆ. ಆದರೆ ನಾನು ಅವತ್ತು ಎದ್ದು ನಿಂತಾಗ ಕಣ್ಣ ಮುಂದೆ ಇದ್ದವಳು ನೀನೊಬ್ಬಳೇ. ಅಂಥದ್ದರಲ್ಲಿ ನಿನ್ನ ಚೀಟಿ ಹೀಗೆ ಬಂದರೆ ನನ್ನ ಹೊಟ್ಟೆ ಉರಿಯುವುದಿಲ್ಲವೇ?

ನಿನ್ನ ಚೀಟಿಯ ಕಾರಣಗಳನ್ನು ನೋಡೋಣ. ದೂರ ಅಂದಿದ್ದೀಯ. ಲಕ್ಷ್ಮಿಕಾಂತ ಯಾದಗಿರಿಗೆ ಹೋಗುತ್ತಿದ್ದಾನೆ, ಖಾಲಿಯಾಗುವುದು ಇಲ್ಲಿನ ಅವನ ಕುರ್ಚಿಯೇ. ಸುರಪುರದಿಂದ ಇಲ್ಲಿಗೆ ಬಸ್ಸಿಗೆ ಒಂದು ತಾಸು. ಹಬ್ಬಕ್ಕೆ ಸೀರೆ ತರಲು ಶಹಾಪುರಕ್ಕೆ ಬರುವಾಗ ದೂರ ಆಗುವುದಿಲ್ಲ ನಿನಗೆ. "ಮನಿಯವರು ಒಪ್ಪಂಗಿಲ್ಲ" ಎಂದೂ ಬರೆದಿದ್ದೀಯ. ಇದಕ್ಕೆ ನನ್ನ ಮೇಲೆ ಸಿಟ್ಟಾಗು, ನಾನು ಇವತ್ತು ಬೆಳಿಗ್ಗೆ ಬುದ್ಧಪ್ರಿಯನಿಗೆ ಫೋನು ಮಾಡಿದೆ. ಬೋನಾಳದ ಶಾಲೆಯಲ್ಲಿ ಪಾಠ ಮಾಡುತ್ತಿದ್ದವನು ಹೊರಗೆ ಬಂದು ಮಾತಾಡಿದ. "ಅಕ್ಕಾವ್ರ, ಯಾವ ನೋಟೀಸ್ರಿ? ಆಕಿ ನನಗ ಹೇಳೇ ಇಲ್ಲಲ್ರಿ" ಎಂದ. ಅವನ ದನಿಯಲ್ಲಿ ಸಿಟ್ಟು ಇರಲಿಲ್ಲ, ನೋವಿತ್ತು. ಎಲಾ ಹುಡುಗಿ! ನಾನು ಅತ್ತೆಯನ್ನು ಕೇಳದೇ ಮಲಗಿಸಿದೆ, ನೀನು ಗಂಡನನ್ನು ಕೇಳದೇ ಅವನ ಬಾಯಲ್ಲಿ ಬೇಡ ಅನ್ನಿಸಿದೆ. ನನ್ನ ಶಿಷ್ಯೆ ಅನ್ನುವುದಕ್ಕೆ ಇನ್ನೇನು ಸಾಕ್ಷಿ ಬೇಕು?

ಉಳಿದದ್ದು ಒಂದೇ ಸಾಲು, "ಮಂದಿ ಮುಂದ ಮಾತಾಡೋ ಧೈರ್ಯ ನನಗಿಲ್ಲಕ್ಕ." ಇದನ್ನು ಓದಿದಾಗ ನನಗೆ ನೀನು ಇಲ್ಲಿ ನಮ್ಮ ಆಫೀಸಿನಲ್ಲಿ ಕೆಲಸಕ್ಕೆ ಸೇರಿದ ವರ್ಷ ನೆನಪಾಯಿತು. ಕಾಲುವೆಗೆ ಹೊಲ ಕೊಟ್ಟವರು ಎಂಬತ್ತು ಮಂದಿ ಒಟ್ಟಿಗೆ ಬಂದು ಆಫೀಸಿನ ಮುಂದೆ ಕೂಗಾಡಿದರಲ್ಲ, ಗಂಡಸರೆಲ್ಲ ಹಿಂದಿನ ಬಾಗಿಲಿನಿಂದ ಚಹಾ ಅಂಗಡಿಗೆ ಓಡಿದರು, ನಾನು ಕಪಾಟಿನ ಮರೆಗೆ ನಿಂತೆ. ನೀನು ನೌಕರಿಗೆ ಬಂದ ಆರು ತಿಂಗಳ ಕೂಸು, ಹೆಸರಿನ ಪಟ್ಟಿ ಹಿಡಿದು ಬಾಗಿಲಿಗೆ ಹೋಗಿ ಬೆಂಚಿನ ಮೇಲೆ ಹತ್ತಿದೆ. "ಹೆಸರು ಕೂಗ್ತೀನಿ, ಒಬ್ಬೊಬ್ಬರ ಬರ್ರಿ, ಉಳದವ್ರು ಕುಂದರ್ರಿ" ಎಂದೆ. ಎಂಬತ್ತು ಮಂದಿ ನೆಲದ ಮೇಲೆ ಕೂತರು, ಅನುರಾಧಾ. ಸಂಜೆ ಆರರವರೆಗೆ ನೀನು ಅವರೆಲ್ಲರ ಮಾತು ಕೇಳಿ ಬರೆದುಕೊಂಡೆ. ಆ ಹುಡುಗಿಗೆ ಧೈರ್ಯ ಇಲ್ಲವೆಂದು ಯಾರು ಹೇಳಿದರು?

ಸೋಮವಾರ ಸಂಜೆ ಐದೂವರೆಗೆ ಟಪಾಲು ಮುಚ್ಚುತ್ತದೆ. ಒಪ್ಪಿಗೆ ಪತ್ರಕ್ಕೆ ನಮೂನೆ ಬೇಕಿಲ್ಲ, ನಿನಗೆ ಬಂದ ಹಾಗೆ ಎರಡು ಸಾಲು ಬರಿ. ಇದನ್ನು ಓದಿದ ಸಂಜೆಯೇ ಬುದ್ಧಪ್ರಿಯನ ಜೊತೆ ಕೂತು ಮಾತಾಡು. ಮಗಳಿಗೆ ನನ್ನ ಮುತ್ತು, ಸುಂದ್ರಮ್ಮನವರಿಗೆ ನನ್ನ ಶರಣು ಹೇಳು. ಲಕ್ವಾದ ಸುದ್ದಿಯನ್ನು ಅವರಿಗೆ ನೀನೇ ಹೇಳು, ನನಗೆ ಧೈರ್ಯವಿಲ್ಲ.

ನಿನ್ನ ಮೇಲೆ ಸಿಟ್ಟಿಗಿಂತ ಜೀವ ಜಾಸ್ತಿ ಇಟ್ಟವಳು,
ಸುಮಂಗಲಾ

ಮರೆತೆನೆಂದು ತಿಳಿಯಬೇಡ, ಬೇಕೆಂದೇ ಸಹಿಯ ಕೆಳಗೆ ಬರೆಯುತ್ತಿದ್ದೇನೆ. ಮೇಲೆ ಬರೆಯಲು ಮೂರು ಸಲ ನೋಡಿದೆ, ಕೈ ಬರಲಿಲ್ಲ.

ಧೈರ್ಯವಿಲ್ಲವೆಂದು ಯಾರು ಹೇಳಿದರು ಎಂದು ನಿನ್ನನ್ನು ಕೇಳಿದೆನಲ್ಲ. ನಾನು ಹೇಳಿದೆ. ನಾಲ್ಕು ವರ್ಷದ ಹಿಂದೆ ನೀನು ನನ್ನ ಮೇಜಿಗೆ ನಿರಾಕರಣೆ ಪತ್ರ ಕೇಳಲು ಬಂದಿರಲಿಲ್ಲ. ಮುಖ ಅರಳಿಸಿಕೊಂಡು, "ಅಕ್ಕ, ಒಪ್ಪಿಗಿ ಪತ್ರ ಹೆಂಗ ಬರೀಬೇಕ್ರಿ?" ಎಂದು ಕೇಳಲು ಬಂದಿದ್ದೆ. ನಾನು ನಿನ್ನನ್ನು ಕೂರಿಸಿ, ಚಹಾ ತರಿಸಿ, ನೀನು ಮೆತ್ತಗಿನ ಹುಡುಗಿ, ಯಾದಗಿರಿ ಸಭೆಯಲ್ಲಿ ಗಂಡಸರು ನಿನ್ನನ್ನು ಹುರಿದು ಮುಕ್ಕುತ್ತಾರೆ, ನಿನ್ನ ಕೈಯಲ್ಲಿ ಆಗುವುದಿಲ್ಲ ಎಂದೆ. ಚಹಾ ಆರುವುದರೊಳಗೆ ಬೇಡವೆಂಬ ಪತ್ರ ಬರೆದು ನಿನ್ನ ಮುಂದಿಟ್ಟೆ. ನೀನು ನನ್ನ ಮುಖವನ್ನು ಒಮ್ಮೆ ನೋಡಿ ಸಹಿ ಹಾಕಿದೆ. ಆ ಕುರ್ಚಿ ಲಕ್ಷ್ಮಿಕಾಂತನಿಗೆ ಹೋಯಿತು.

ನಿನ್ನ ಒಳ್ಳೆಯದಕ್ಕೆ ಹೇಳಿದೆ ಎಂದು ಇಷ್ಟು ವರ್ಷ ನನಗೆ ನಾನೇ ಹೇಳಿಕೊಂಡೆ. ಅದು ಸುಳ್ಳು. ಗಂಡಸರ ಮುಂದೆ ಫೈಲು ಹಿಡಿದು ನಿಲ್ಲುವುದು ನನಗೆ ರೂಢಿಯಾಗಿತ್ತು, ಅವರು ಗಂಡಸರು ಎಂದು ಸಮಾಧಾನ ಮಾಡಿಕೊಳ್ಳುತ್ತಿದ್ದೆ. ನೀನು ಹೋಗಿ ಆ ಕುರ್ಚಿಯಲ್ಲಿ ಕೂತುಬಿಟ್ಟಿದ್ದರೆ, ನಾನು ಹೋಗದೇ ಉಳಿದದ್ದಕ್ಕೆ ಹೇಳಿಕೊಳ್ಳಲು ನನಗೆ ಕಾರಣವೇ ಉಳಿಯುತ್ತಿರಲಿಲ್ಲ.

ಅಂಜುಬುರುಕಿ ನೀನಲ್ಲ ತಂಗಿ, ನಾನು. ಇದನ್ನು ಓದಿ ನೀನು ನನ್ನ ಜೊತೆ ಮಾತು ಬಿಟ್ಟರೂ ನಾನು ತಡೆದುಕೊಳ್ಳುತ್ತೇನೆ. ಆದರೆ ಒಪ್ಪಿಗೆ ಕೊಟ್ಟ ಮೇಲೆ ಮಾತು ಬಿಡು. ನೀನು ನಮ್ಮ ಆಫೀಸಿಗೆ ಅಧೀಕ್ಷಕಿಯಾಗಿ ಒಳಗೆ ಬಂದ ದಿನ ಎಲ್ಲರಿಗಿಂತ ಮೊದಲು ನಾನು ಎದ್ದು ನಿಲ್ಲುತ್ತೇನೆ.